ಈಗ ನೀವು ಕೇಳುತ್ತಿರುವ ಆಲ್ಬಂ ಹಂಚಿಕೊಳ್ಳುವುದು ಹೇಗೆ: ಹುಬ್ಬಳ್ಳಿ-ಧಾರವಾಡದ ಕೇಳುಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಬ್ಬರು ಮೆಚ್ಚಿ ಕೇಳುತ್ತಿರುವ ಆಲ್ಬಂ ಇನ್ನೊಬ್ಬರ ಕಿವಿಗೆ ದಾಟಬೇಕಾದರೆ ಲಿಂಕ್ ಕಳಿಸಿದರೆ ಸಾಲುವುದಿಲ್ಲ. ಬಂದ ಲಿಂಕನ್ನು ಅರ್ಧ ನಿಮಿಷ ಕೇಳಿ, ಉಳಿದದ್ದು ಆಮೇಲೆ ಕೇಳಿದರಾಯಿತು ಅಂತ ಬಿಡುತ್ತೇವೆ. ಆ ಆಮೇಲೆ ಬರುವುದೇ ಇಲ್ಲ. ಒಂದು ಕೋಣೆ, ಮುಕ್ಕಾಲು ಗಂಟೆ ಮಾತಿಲ್ಲದೆ ಕೂರಬಲ್ಲ ಆರೆಂಟು ಮಂದಿ, ಆ ಆಲ್ಬಂ ಅನ್ನು ತಾನು ಯಾಕೆ ಮತ್ತೆ ಮತ್ತೆ ಹಚ್ಚುತ್ತೇನೆ ಎಂದು ಹೇಳಬಲ್ಲ ಒಬ್ಬರು ಇದ್ದರೆ ಮಾತ್ರ ಅದು ದಾಟುತ್ತದೆ. ಪಡಸಾಲೆಯಲ್ಲಿ ಜಮಖಾನ ಹಾಸಿ, ತಂಬೂರಿ ಹೊಂದಿಸುವುದನ್ನೂ ಕಿವಿಗೊಟ್ಟು ಕೇಳಿದ ಮನೆಗಳು ನಮ್ಮ ಊರುಗಳಲ್ಲಿವೆ. ಹಾಡುವವರು ಎದುರಿಗಿಲ್ಲದಿದ್ದರೂ ಅದೇ ಬೈಠಕ್ಕಿನ (ಮನೆಯಲ್ಲಿ ಕೂಡಿ ಕೂತು ಸಂಗೀತ ಕೇಳುವ ಕೂಟದ) ಶಿಸ್ತಿನಲ್ಲಿ ಆಲ್ಬಂ ಕೇಳಬಹುದು.

ಮಂದಿ, ವೇಳೆ, ಮನೆ

ಆರರಿಂದ ಹತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಕೇಳಿದ ಮೇಲೆ ಎಲ್ಲರಿಗೂ ಮಾತಾಡಲು ಹೊತ್ತು ಸಿಗುವುದಿಲ್ಲ. ವಯಸ್ಸು ಬೆರೆತಿರಲಿ. ಕ್ಯಾಸೆಟ್ಟಿನ ಕಾಲದವರ ಪಕ್ಕ ಕಾಲೇಜಿನ ಹುಡುಗಿ ಕೂತರೆ ಇಬ್ಬರಿಗೂ ಲಾಭ. ತಿಂಗಳಿಗೊಂದು ಸಲ, ಒಂದೇ ವಾರದ ಒಂದೇ ದಿನ ಎಂದು ಗೊತ್ತು ಮಾಡಿ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 20 ಕಿಲೋಮೀಟರ್. ಚಿಗರಿ ಬಸ್ಸು ಇರುವುದರಿಂದ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಎಂದು ಮನೆ ಬದಲಿಸುವುದು ಕಷ್ಟವಲ್ಲ.

ಹಿಂದೂಸ್ತಾನಿ ಕೇಳುವುದಾದರೆ ವೇಳೆಯನ್ನು ಆಲ್ಬಂ ನೋಡಿ ಇಟ್ಟುಕೊಳ್ಳಿ. ತೋಡಿ ಮುಂಜಾನೆಯದು, ಸಾರಂಗ ಮಧ್ಯಾಹ್ನದ್ದು, ಮುಲ್ತಾನಿ ಹೊತ್ತು ಇಳಿದ ಮೇಲಿನದು, ಮಾರವಾ ಮುಳುಗುವ ಹೊತ್ತಿನದು, ಮಾಲಕಂಸ ರಾತ್ರಿಯದು. ಎಲ್ಲರಿಗೂ ಬಿಡುವಿರುವುದು ಭಾನುವಾರ ಬೆಳಿಗ್ಗೆ ಮಾತ್ರ ಎಂದಾದರೆ ಬೆಳಗಿನ ರಾಗಗಳ ಆಲ್ಬಮ್ಮುಗಳನ್ನೇ ಆರಿಸಿ. ಬೆಳಗಿನ ರಾಗಗಳೊಂದಿಗೇ ಒಂದು ವರ್ಷ ಕಳೆಯಬಹುದು, ಅಷ್ಟಿವೆ.

ಯಾವ ಆಲ್ಬಂ ತರಬೇಕು

ಇಲ್ಲಿ ಒಂದೇ ನಿಯಮ, ಅದನ್ನು ಸಡಿಲ ಬಿಡಬೇಡಿ: ಈ ತಿಂಗಳು ನೀವು ನಿಜವಾಗಿ ಕೇಳುತ್ತಿರುವುದನ್ನೇ ತರಬೇಕು. ಧಾರವಾಡದಲ್ಲಿ ಇದು ಸುಲಭವಲ್ಲ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು ಬದುಕಿ ಹಾಡಿದ ಊರಿನಲ್ಲಿ ಸಿನಿಮಾ ಹಾಡಿನ ಆಲ್ಬಂ ಹಿಡಿದು ಬರಲು ಮಂದಿ ಹಿಂಜರಿಯುತ್ತಾರೆ. ದೊಡ್ಡವರ ಹೆಸರಿರುವ, ತಾವೇ ಪೂರ್ತಿ ಕೇಳದ ಆಲ್ಬಂ ತಂದು ಇಡುತ್ತಾರೆ. ಅದರ ಬಗ್ಗೆ ಅವರಿಗೆ ಹೇಳಲು ಏನೂ ಇರುವುದಿಲ್ಲ, ಕೇಳುವವರಿಗೂ ಏನೂ ಸಿಗುವುದಿಲ್ಲ. ರ‍್ಯಾಪ್ ಇರಲಿ, ಭಾವಗೀತೆ ಇರಲಿ, ಜಾಝ್ ಇರಲಿ, ರಂಗಗೀತೆ ಇರಲಿ. ತಂದವರು ಅದರೊಂದಿಗೆ ದಿನ ಕಳೆದಿದ್ದರೆ ಅದಕ್ಕೆ ಬೈಠಕ್ಕಿನಲ್ಲಿ ಜಾಗ ಉಂಟು.

ಪ್ರತಿಯೊಬ್ಬರೂ ಒಂದೊಂದು ಆಲ್ಬಂ ತರುತ್ತಾರೆ, ಆದರೆ ಪೂರ್ತಿ ಹಚ್ಚುವುದು ಒಬ್ಬರದನ್ನು ಮಾತ್ರ. ಅವರು ಯಾರೆಂಬುದು ಹಿಂದಿನ ತಿಂಗಳೇ ಗೊತ್ತಾಗಿರಬೇಕು. ಉಳಿದವರು ತಮ್ಮ ಆಲ್ಬಮ್ಮಿನಿಂದ ಮೂರು ನಿಮಿಷ ಕೇಳಿಸಿ, ಎರಡು ಮಾತು ಹೇಳಿದರೆ ಸಾಕು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೇಳುವ ಬೈಠಕ್ಕುಗಳು ಬೇಗ ಸೊರಗುತ್ತವೆ; ಒಂದನ್ನು ಪೂರ್ತಿ ಕೇಳುವುದೇ ಇದರ ಬೆನ್ನೆಲುಬು.

ಆಲ್ಬಂ ಯಾವ ಅಚ್ಚಿನದು ಎಂದು ಮೊದಲು ತಿಳಿಯಿರಿ

ಈ ಹಂತವನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ಸಂಗೀತ ಯಾವ ವಸ್ತುವಿನ ಮೇಲೆ ಮೊದಲು ಅಚ್ಚಾಯಿತು ಎಂಬುದರ ಮೇಲೆ ಅದನ್ನು ಹೇಗೆ ಕೇಳಬೇಕು ಎಂಬುದು ನಿಂತಿದೆ.

78 ಆರ್‌ಪಿಎಂ ಪ್ಲೇಟಿನ (ಹಳೆಯ ಗ್ರಾಮಫೋನ್ ತಟ್ಟೆಯ) ಒಂದು ಮಗ್ಗುಲಿಗೆ ಮೂರು-ಮೂರೂವರೆ ನಿಮಿಷ ಮಾತ್ರ ಹಿಡಿಯುತ್ತಿತ್ತು. ಬೈಠಕ್ಕಿನಲ್ಲಿ ಒಂದು ರಾಗವನ್ನು ತಾಸುಗಟ್ಟಲೆ ಹಾಡಬಲ್ಲವರು ಆ ಮೂರು ನಿಮಿಷಕ್ಕೆ ರಾಗದ ಚಹರೆ, ಚೀಜು (ಹಾಡುವ ಪದ), ತಾನು (ವೇಗದ ಸ್ವರಗಳ ಓಟ) ಎಲ್ಲವನ್ನೂ ಕೂಡಿಸಬೇಕಿತ್ತು. ಅಬ್ದುಲ್ ಕರೀಂ ಖಾನ್ ಸಾಹೇಬರು, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು ಹಾಡಿದ್ದು ಇಂಥ ಪ್ಲೇಟುಗಳಲ್ಲೇ. ಇವು ಇಂದು ಸಿ.ಡಿ.ಯಲ್ಲಿ ಅಥವಾ ಮೊಬೈಲಿನಲ್ಲಿ ಒಂದೇ ಆಲ್ಬಂ ಆಗಿ ಸಿಗುತ್ತವೆ, ಆದರೆ ಆ ಸಾಲು ಕಂಪನಿಯವರು ಜೋಡಿಸಿದ್ದು. ಆದ್ದರಿಂದ ಒಂದು ಮುಗಿದ ಕೂಡಲೇ ಇನ್ನೊಂದಕ್ಕೆ ಬಿಡಬೇಡಿ. ಪ್ರತಿ ಪ್ಲೇಟಾದ ಮೇಲೆ ನಿಲ್ಲಿಸಿ, ಬೇಕಾದರೆ ಅದನ್ನೇ ಇನ್ನೊಮ್ಮೆ ಹಚ್ಚಿ. ಮುಕ್ಕಾಲು ಗಂಟೆಯಲ್ಲಿ ಐದೋ ಆರೋ ಪ್ಲೇಟು ಆದರೆ ಸಾಕು.

ಎಲ್‌ಪಿ (ಹೆಚ್ಚು ಹೊತ್ತು ಹಾಡುವ ಪ್ಲೇಟು) ಬಂದದ್ದು 1948ರಲ್ಲಿ, ಅಮೆರಿಕದಲ್ಲಿ. ಭಾರತಕ್ಕೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಮಗ್ಗುಲಿಗೆ 20-25 ನಿಮಿಷ. ಹಾಗಾಗಿ ಖ್ಯಾಲ (ರಾಗವನ್ನು ವಿಸ್ತರಿಸಿ ಹಾಡುವ ಹಿಂದೂಸ್ತಾನಿ ಪ್ರಕಾರ) ಗಾಯಕರ ಎಲ್‌ಪಿಗಳಲ್ಲಿ ಒಂದು ಮಗ್ಗುಲಿಗೆ ಒಂದು ರಾಗ, ವಿಲಂಬಿತವೂ (ನಿಧಾನ ಲಯ) ದ್ರುತವೂ (ವೇಗದ ಲಯ) ಸೇರಿ, ಎಂಬ ಕಟ್ಟು ಬಹಳ ಸಲ ಕಾಣುತ್ತದೆ. ಪ್ಲೇಟು ತಿರುವಿ ಹಾಕುವ ಹೊತ್ತು ಕೇಳುಗರಿಗೆ ಬಿಡುವು. ಮೊಬೈಲಿನಲ್ಲಿ ಅದೇ ಆಲ್ಬಂ ಕೇಳುವಾಗಲೂ ಆ ಬಿಡುವನ್ನು ನೀವೇ ಕೊಡಿ.

ಕ್ಯಾಸೆಟ್ಟು 60 ನಿಮಿಷದ್ದು, 90 ನಿಮಿಷದ್ದು. ಬೈಠಕ್ಕಿನ ಧ್ವನಿಮುದ್ರಣವಾಗಿದ್ದರೆ ಮಗ್ಗುಲಿನ ಕೊನೆಗೆ ಹಾಡು ತಾನಿನ ನಡುವೆಯೇ ನಿಂತಿರುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ಯಂತ್ರ ಕೆಟ್ಟಿತೆಂದು ಎಲ್ಲರೂ ಎದ್ದು ನೋಡುತ್ತಾರೆ.

ಇನ್ನು ಹಾಡುಗಳ ಸಾಲಿಗೇ ಅರ್ಥವಿರುವ ಆಲ್ಬಮ್ಮುಗಳು. 1960ರ ದಶಕದ ಕೊನೆಗೆ ಸಂತೂರಿನ ಶಿವಕುಮಾರ ಶರ್ಮಾ, ಕೊಳಲಿನ ಹರಿಪ್ರಸಾದ ಚೌರಾಸಿಯಾ, ಗಿಟಾರಿನ ಬ್ರಿಜ್‌ಭೂಷಣ ಕಾಬ್ರಾ ಕೂಡಿ ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಹೊತ್ತಿಗೆ ತಕ್ಕ ರಾಗಗಳಲ್ಲಿ ಹೇಳುತ್ತದೆ. ಅಹಿರ ಭೈರವದ ಬೆಳಗಿನಿಂದ ಶುರುವಾಗಿ ಪಹಾಡಿಗೆ ಬಂದು ನಿಲ್ಲುತ್ತದೆ. ಇದನ್ನು ಹಿಂದುಮುಂದು ಮಾಡಿ ಹಚ್ಚಿದರೆ ದಿನವೇ ಕಲಸಿಹೋಗುತ್ತದೆ. ಖ್ಯಾಲ ಕೇಳಿ ರೂಢಿಯಿಲ್ಲದವರ ಮೊದಲ ಬೈಠಕ್ಕಿಗೆ ಇದಕ್ಕಿಂತ ಒಳ್ಳೆಯ ಆಲ್ಬಂ ನಾನು ಹೇಳಲಾರೆ.

ಯಂತ್ರಗಳ ಸಿದ್ಧತೆ

ಮೊಬೈಲಿನಿಂದ ಕೇಳಿಸುವುದಾದರೆ ಹಿಂದಿನ ದಿನವೇ ಆಲ್ಬಂ ಇಳಿಸಿಕೊಳ್ಳಿ. ಆಮೇಲೆ ಆ್ಯಪಿನ ಸೆಟ್ಟಿಂಗ್‌ಗೆ ಹೋಗಿ ಶಫಲ್ ಬಂದ್ ಮಾಡಿ, ಆಟೋಪ್ಲೇ ಬಂದ್ ಮಾಡಿ, ಒಂದು ಹಾಡಿನ ಬಾಲ ಇನ್ನೊಂದರ ತಲೆಯೊಳಗೆ ಬೆರೆಸುವ ಕ್ರಾಸ್‌ಫೇಡ್ ಬಂದ್ ಮಾಡಿ. ಖ್ಯಾಲದ ಆಲ್ಬಮ್ಮಿಗೆ ಈ ಕ್ರಾಸ್‌ಫೇಡ್ ದೊಡ್ಡ ಶತ್ರು, ಯಾಕೆಂದರೆ ಅದು ಮೊದಲು ನುಂಗುವುದು ತಂಬೂರಿಯ ನಾದವನ್ನು. ಕಿವಿ ಷಡ್ಜಕ್ಕೆ (ಆಧಾರ ಸ್ವರ ‘ಸ’ಕ್ಕೆ) ಕೂರುವುದೇ ಆ ಹೊತ್ತಿನಲ್ಲಿ. ಕೊನೆಗೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬ್ಲೂಟೂತ್ ಬೇಕಾದರೆ ಅದೊಂದನ್ನೇ ಮತ್ತೆ ಹಚ್ಚಿಕೊಳ್ಳಿ. ತಂತಿಯಿಂದ ಸ್ಪೀಕರಿಗೆ ಜೋಡಿಸಿದರೆ ಇನ್ನೂ ನಿಶ್ಚಿಂತೆ.

ಫೋನಿನ ಸ್ವಂತ ಸ್ಪೀಕರ್ ಸಾಲದು. ಅದರಲ್ಲಿ ತಬಲಾದ ಡಗ್ಗಾ (ಎಡಗೈಯ ದಪ್ಪ ದನಿ) ಕೇಳುವುದೇ ಇಲ್ಲ, ಗಂಗೂಬಾಯಿಯವರ ಮಂದ್ರದ ದನಿ ತೆಳುವಾಗಿ ಬೇರೆ ಯಾರದೋ ದನಿಯಾಗಿಬಿಡುತ್ತದೆ. ಆ ಗಾತ್ರವೇ ಅವರ ಗಾಯನದ ಜೀವ. ಸಾಧಾರಣ ಬೆಲೆಯ ಎರಡು ಬುಕ್‌ಶೆಲ್ಫ್ ಸ್ಪೀಕರುಗಳನ್ನು (ಕಪಾಟಿನಲ್ಲಿ ಹಿಡಿಯುವಷ್ಟು ಚಿಕ್ಕವು) ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದು ಮೊಳ ಈಚೆಗೆ ಇಡಿ. ಮೂಲೆಗೆ ಒತ್ತಿ ಇಟ್ಟರೆ ಡಗ್ಗಾ ಗುಡುಗಿ ಉಳಿದದ್ದನ್ನು ಮುಚ್ಚುತ್ತದೆ.

ಪ್ಲೇಟು ಇದ್ದವರಿಗೆ ಎರಡು ಎಚ್ಚರಿಕೆ. 78ರ ಪ್ಲೇಟಿನ ಗೆರೆ ಎಲ್‌ಪಿಯದಕ್ಕಿಂತ ಬಹಳ ಅಗಲ, ಅದಕ್ಕೆ ಬೇರೆಯೇ ಮುಳ್ಳು ಬೇಕು. ಎಲ್‌ಪಿ ಮುಳ್ಳು ಅದರ ತಳದಲ್ಲಿ ಉಜ್ಜಿಕೊಂಡು ಬರೀ ಸದ್ದು ಹೆರೆಯುತ್ತದೆ. ಎರಡನೆಯದು, 78ರ ಪ್ಲೇಟುಗಳು ಅರಗಿನವು, ಅವನ್ನು ಆಲ್ಕೋಹಾಲಿನಿಂದ ಎಂದೂ ಒರೆಸಬಾರದು, ಅರಗು ಕರಗುತ್ತದೆ. ಒಣ ಮೆತ್ತನೆಯ ಬ್ರಶ್ಶಿನಿಂದ ಗೆರೆಯ ಗುಂಟ ದೂಳು ತೆಗೆಯಿರಿ, ಅಡ್ಡಡ್ಡ ಬೇಡ.

ಕ್ಯಾಸೆಟ್ಟಿಗೆ ಧಾರವಾಡದ ಮಳೆಗಾಲ ಕಷ್ಟದ ಕಾಲ. ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಹಾಗೆ ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಬೂಷ್ಟು ಯಂತ್ರಕ್ಕೂ ಹತ್ತಿ ಬೇರೆ ಕ್ಯಾಸೆಟ್ಟಿಗೂ ಹರಡುತ್ತದೆ. ಚೆನ್ನಾಗಿರುವುದನ್ನು ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಓಡಿಸಿ, ಟೇಪು ಸಡಿಲವಾಗುತ್ತದೆ. ಯಂತ್ರದ ಹೆಡ್ಡನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ, ಒಣಗಿದ ಮೇಲೆ ಹಚ್ಚಿ.

ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಇದ್ದರೆ ಈ ನೆಪದಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಟೇಪ್ ರೆಕಾರ್ಡರಿನ ಲೈನ್-ಔಟ್‌ನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಜೋಡಿಸಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶ ತೆರೆಯಿರಿ. ಅತಿ ಜೋರಿನ ಜಾಗದಲ್ಲೂ ಮಾಪಕ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ; ಒಂದು ತಾಸಿನ ಕ್ಯಾಸೆಟ್ಟಿಗೆ 600 ಎಂಬಿ. ಮೂಲ ಕಡತವನ್ನು ಹಾಗೇ ಉಳಿಸಿಕೊಳ್ಳಿ. ಸದ್ದು ತೆಗೆಯುವ ಸಾಧನ ಬಳಸಲೇಬೇಕೆಂದರೆ ನಕಲಿನ ಮೇಲೆ, ಅದೂ ಸ್ವಲ್ಪ. ಟೇಪಿನ ಸದ್ದಿನ ಜೊತೆ ತಂಬೂರಿಯ ಜವಾರಿಯೂ (ತಂತಿಯ ಝೇಂಕಾರವೂ) ಹೊರಟುಹೋಗುತ್ತದೆ.

ಕೋಣೆ

ಹಳೇ ಧಾರವಾಡದ ಮನೆಗಳಲ್ಲಿ ಶಹಾಬಾದಿ ಕಲ್ಲಿನ ನೆಲ, ಬರಿಗೋಡೆ, ಸದ್ದು ಮರುದನಿಸುತ್ತದೆ. ನವಲಗುಂದದ ಜಮಖಾನವೊಂದನ್ನು ನೆಲಕ್ಕೆ ಹಾಸಿ. ಕೇಳುಗರ ಹಿಂದಿನ ಗೋಡೆಗೆ ಎರಡು ಕೌದಿ ತೂಗುಹಾಕಿ. ಇಷ್ಟಕ್ಕೇ ಹಾಡಿನ ಮಾತು ಸ್ಪಷ್ಟವಾಗುತ್ತದೆ, ಬೇರೆ ಖರ್ಚು ಬೇಡ. ತಗಡಿನ ಛಾವಣಿ ಇದ್ದರೆ ಆಷಾಢ-ಶ್ರಾವಣದಲ್ಲಿ ಬೇರೆ ಮನೆ ನೋಡಿ. ಚಹಾ, ಗಿರಮಿಟ್ಟು, ಮಿರ್ಚಿ ಎಲ್ಲ ಆಲ್ಬಂ ಮುಗಿದ ಮೇಲೆ.

ಹಚ್ಚುವ ಮುನ್ನ ಎರಡು ನಿಮಿಷದ ಮಾತು

ಆಲ್ಬಂ ತಂದವರು ಎರಡೇ ನಿಮಿಷ ಮಾತಾಡಬೇಕು. ಹಾಡಿದವರ ಜನ್ಮದಿನ, ಪ್ರಶಸ್ತಿಗಳ ಪಟ್ಟಿ ಬೇಡ, ಅವು ಎಲ್ಲ ಕಡೆ ಸಿಗುತ್ತವೆ. ಎಲ್ಲೂ ಸಿಗದ್ದನ್ನು ಹೇಳಿ: ನಿಮ್ಮ ಕಿವಿ ಎಲ್ಲಿ ನಿಂತಿತು. ಹೀಗೆ:

“ಈ ಕ್ಯಾಸೆಟ್ಟಿನ ಒಂದನೇ ಮಗ್ಗಲದಾಗ ಹನ್ನೊಂದನೇ ನಿಮಿಷದ ಹೊತ್ತಿಗೆ ಮ್ಯಾಲಿನ ಷಡ್ಜಕ್ಕ ಹೋಗಿ ನಿಲ್ತಾರ್ರಿ. ಅದಕ್ಕೂ ಮೊದಲ ಮೂರು ಸರ್ತೆ ಹೊಕ್ಕೇನಿ ಹೊಕ್ಕೇನಿ ಅಂದು ನಿಷಾದದಿಂದಲೇ ತಿರುಗಿ ಬರ್ತಾರ. ಆ ಮೂರೂ ಸರ್ತೆ ಲಕ್ಷ್ಯ ಕೊಟ್ಟು ಕೇಳ್ರಿ, ಆಮ್ಯಾಲೆ ಆ ಷಡ್ಜ ಬಂದಾಗ ಏನಾಗ್ತದ ನೋಡ್ರಿ.”

ಇಂಥ ಒಂದು ಗುರುತು ಕೊಟ್ಟರೆ ಹೊಸಬರೂ ಹನ್ನೊಂದು ನಿಮಿಷ ಕಾದು ಕೂರುತ್ತಾರೆ. ಮೂರು ಗುರುತು ಕೊಟ್ಟರೆ ಯಾವುದನ್ನೂ ಹಿಡಿಯುವುದಿಲ್ಲ.

ಜೊತೆಗೆ ಸಾಥಿದಾರರ (ಪಕ್ಕವಾದ್ಯದವರ) ಹೆಸರು ಹೇಳುವುದನ್ನು ಕಡ್ಡಾಯ ಮಾಡಿ. ತಬಲಾ ಯಾರದು, ಪೇಟಿ (ಹಾರ್ಮೋನಿಯಂ) ಯಾರದು, ಸಾರಂಗಿ ಇದ್ದರೆ ಯಾರದು, ಹಿಂದೆ ತಂಬೂರಿ ಹಿಡಿದು ದನಿಗೂಡಿಸಿದವರು ಯಾರು. ಎಲ್‌ಪಿಯ ಹೊದಿಕೆಯ ಹಿಂಬದಿಗೆ ಇವು ಅಚ್ಚಾಗಿರುತ್ತಿದ್ದವು. ಮೊಬೈಲಿನ ಪರದೆಗೆ ಬರುವಷ್ಟರಲ್ಲಿ ಎಷ್ಟೋ ಸಲ ಬಿದ್ದುಹೋಗಿವೆ. ವಿಲಂಬಿತದಲ್ಲಿ ಅರ್ಧ ತಾಸು ಠೇಕಾ (ತಬಲಾದ ತಾಳದ ಬೋಲು) ಅಲುಗದಂತೆ ಹಿಡಿದವರ ಹೆಸರನ್ನು ಒಂದು ಸಲವಾದರೂ ಬಾಯಿಬಿಟ್ಟು ಹೇಳುವುದು ಕೇಳುಗರ ಋಣ. ಹಳೆಯ ಹೊದಿಕೆ ಇರುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕೇಳಿ.

ಕೇಳುವಾಗ

ಮಾತು ಬೇಡ, ದಾದ್ (ಮೆಚ್ಚುಗೆಯ ಉದ್ಗಾರ) ಬೇಕು. ಸಮ್ (ತಾಳದ ಮೊದಲ ಎಣಿಕೆ) ಮೇಲೆ ಸರಿಯಾಗಿ ಬಂದು ಕೂತಾಗ “ವಾಹ್” ಅಂದರೆ ಯಾರಿಗೂ ತೊಂದರೆಯಿಲ್ಲ. ಹಾಡುವವರು ಎದುರಿಗೆ ಇಲ್ಲದಿದ್ದರೂ ಪಕ್ಕದ ಹೊಸ ಕೇಳುಗನಿಗೆ ಅದು ದಾರಿ ತೋರಿಸುತ್ತದೆ. ಖ್ಯಾಲಕ್ಕೆ ಹೊಸಬರಿದ್ದರೆ ಅವರಿಗೆ ಒಂದೇ ಕೆಲಸ ಕೊಡಿ: ಸಮ್ ಹಿಡಿಯುವುದು. ಮನ್ಸೂರರ ಜೈಪುರ-ಅತ್ರೌಲಿ ಘರಾಣೆಯವರಲ್ಲಿ (ಘರಾಣೆ ಎಂದರೆ ಗುರುಪರಂಪರೆಯ ಗಾಯನ ಶೈಲಿ) ತೀನ್‌ತಾಲದ ಹದಿನಾರು ಮಾತ್ರೆ (ತಾಳದ ಎಣಿಕೆ) ಹದವಾದ ಲಯದಲ್ಲಿ ಸಾಗುವುದರಿಂದ ಬೆರಳಲ್ಲಿ ಎಣಿಸಬಹುದು. ಗಂಗೂಬಾಯಿಯವರ ಕಿರಾನಾ ಘರಾಣೆಯವರ ವಿಲಂಬಿತ ಏಕತಾಲದಲ್ಲಿ ಹನ್ನೆರಡೇ ಮಾತ್ರೆಯಾದರೂ ಒಂದು ಆವರ್ತನ (ತಾಳದ ಒಂದು ಸುತ್ತು) ಒಂದು ನಿಮಿಷದ ಹತ್ತಿರಕ್ಕೆ ಹೋಗುವುದುಂಟು. ಅಲ್ಲಿ ಎಣಿಸಲು ಹೋದರೆ ತಪ್ಪುತ್ತದೆ, ಚೀಜಿನ ಮುಖಡಾ (ಸಮ್‌ಗೆ ಕರೆತರುವ ಮೊದಲ ತುಣುಕು) ಮರಳಿ ಬರುವುದನ್ನು ಕಾಯಬೇಕು. ಅದಕ್ಕೇ ಹೊಸಬರ ಮೊದಲ ಖ್ಯಾಲ ಮನ್ಸೂರರದಾಗಲಿ ಎನ್ನುತ್ತೇನೆ. ಅವರ ರಾಗಗಳು ಅಪರೂಪದವು, ಆದರೆ ಲಯ ಕೈಹಿಡಿದು ನಡೆಸುತ್ತದೆ.

ಕೇಳಿದ ಮೇಲೆ

ಮುಗಿದ ಕೂಡಲೇ ಬಾಯಿ ತೆರೆಯಬೇಡಿ, ಒಂದು ನಿಮಿಷ ಹಾಗೇ ಬಿಡಿ. ಮೊದಲ ಮಾತು ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರದು. ಹಿರಿಯರು ಮೊದಲು ಮಾತಾಡಿದರೆ ಉಳಿದವರು ಬರೀ ಹೌದು ಎನ್ನುತ್ತಾರೆ. ಕೇಳುವ ಪ್ರಶ್ನೆಯೂ ಮುಖ್ಯ. “ಹೆಂಗಿತ್ತವಾ?” ಅಂದರೆ “ಛಲೋ ಇತ್ತು ಕಾಕಾ” ಎಂಬಲ್ಲಿಗೆ ಮಾತು ಮುಗಿಯುತ್ತದೆ. “ಎಲ್ಲಿ ನಿನ್ನ ಕಿವಿ ಎದ್ದು ಕುಂತಿತು? ಎಲ್ಲಿ ಲಕ್ಷ್ಯ ತಪ್ಪಿತು?” ಎಂದು ಕೇಳಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಹೇಳಲಿ, ಎಲ್ಲಿ ತನ್ನ ಕೈಬಿಟ್ಟಿತು ಎಂಬುದನ್ನೂ ಹೇಳಲಿ. ತಂದವರು ಆಗ ವಾದಕ್ಕೆ ಇಳಿಯದೆ ಆ ಜಾಗವನ್ನೇ ಮತ್ತೊಮ್ಮೆ ಹಚ್ಚಿದರೆ ಸಾಕು, ಅರ್ಧ ಜಗಳ ಅಲ್ಲೇ ತೀರುತ್ತದೆ.

ಜೋಡಿ ಬೈಠಕ್

ನಾಲ್ಕೈದು ತಿಂಗಳಾಗಿ ಗುಂಪು ಕೂಡಿಬಂದ ಮೇಲೆ, ಇಬ್ಬರು ಒಂದೇ ರಾಗದ ಎರಡು ಆಲ್ಬಂ ತರುವ ಬೈಠಕ್ ಇಡಿ. ನಮ್ಮ ಭಾಗಕ್ಕೆ ಇದು ಹೇಳಿ ಮಾಡಿಸಿದಂತಿದೆ. ಗಂಗೂಬಾಯಿಯವರೂ ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಬಳಿಯೇ ಕಲಿತವರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಕಲಿತರು. ಒಬ್ಬ ಗುರು, ಒಂದು ರಾಗ, ಆದರೂ ಇಬ್ಬರಲ್ಲಿ ಅದು ಬೇರೆ. ಗಂಗೂಬಾಯಿ ಒಂದೊಂದೇ ಸ್ವರಕ್ಕೆ ಭಾರ ಹಾಕಿ ಮೆಟ್ಟಿಲು ಇಳಿದಂತೆ ಬರುತ್ತಾರೆ, ಭೀಮಸೇನರು ಉಸಿರು ತುಂಬಿಕೊಂಡು ತಾನಿನಲ್ಲಿ ಮೇಲಕ್ಕೆ ಎಸೆಯುತ್ತಾರೆ. ಬೆನ್ನಿಗೆ ಬೆನ್ನು ಕೇಳಿದವರಿಗೆ ಘರಾಣಾ ಅಂದರೇನು ಎಂದು ಬೇರೆ ಪಾಠ ಬೇಡ.

ಇನ್ನೊಂದು ಜೋಡಿ ವಚನಗಳದು. ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯ ರಾಜಗುರುಗಳೂ ಮನ್ಸೂರರೂ ವಚನಗಳನ್ನು ರಾಗಕ್ಕೆ ಕೂಡಿಸಿ ಹಾಡಿದ್ದಾರೆ. ಇಬ್ಬರನ್ನೂ ಕೇಳಿ, ಮಾತು ಎಲ್ಲಿ ಸ್ವರಕ್ಕೆ ದಾರಿ ಬಿಡುತ್ತದೆ, ಸ್ವರ ಎಲ್ಲಿ ಮಾತಿಗೆ ದಾರಿ ಬಿಡುತ್ತದೆ ಎಂದು ನೋಡಿ.

ಹಾವೇರಿ ಕಡೆಯವರು ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫರನ್ನು ತರಬಹುದು. ಸಿ. ಅಶ್ವತ್ಥರ ಧಾಟಿಯಲ್ಲಿ ನಾಡಿಗೆಲ್ಲ ಹಬ್ಬಿದ ತತ್ವಪದವನ್ನು ಒಂದು ಕಡೆ ಇಟ್ಟು, ಅದೇ ಪದವನ್ನು ಊರ ಭಜನಾ ಮಂಡಳಿ ಏಕತಾರಿ, ತಾಳ, ಪೇಟಿಯೊಂದಿಗೆ ಹಾಡಿದ ಧ್ವನಿಮುದ್ರಣವನ್ನು ಇನ್ನೊಂದು ಕಡೆ ಇಡಿ. ಎರಡನೆಯದು ಅಂಗಡಿಯಲ್ಲಿ ಸಿಗದಿದ್ದರೆ ಮಂಡಳಿಯವರ ಒಪ್ಪಿಗೆ ಪಡೆದು ನೀವೇ ಮುದ್ರಿಸಿಕೊಳ್ಳಿ.

ಹುಡುಕುವುದು

ಹೆಸರು ಹಾಕಿ ಹುಡುಕಿದರೆ ಒಂದೇ ಧ್ವನಿಮುದ್ರಣ ನಾಲ್ಕು ಬೇರೆ ಹೆಸರಿನ ಆಲ್ಬಮ್ಮುಗಳಲ್ಲಿ ಕಾಣುತ್ತದೆ, ರಾಗದ ಹೆಸರಿನ ಅಕ್ಷರಗಳೂ ಪ್ರತಿ ಕಡೆ ಬೇರೆ. ರಾಗ, ತಾಲ, ಚೀಜಿನ ಮೊದಲ ಸಾಲು, ಒಟ್ಟು ನಿಮಿಷ-ಸೆಕೆಂಡು, ಈ ನಾಲ್ಕು ಕೂಡಿ ಬಂದರೆ ಎರಡೂ ಒಂದೇ ಎಂದು ತಿಳಿಯಿರಿ. ಧಾರವಾಡ ಆಕಾಶವಾಣಿ 1950ರಿಂದ ಈ ಭಾಗದ ಕಲಾವಿದರನ್ನು ಬಿತ್ತರಿಸುತ್ತ ಬಂದಿದೆ; ಆಕಾಶವಾಣಿಯ ಸಂಗ್ರಹದಿಂದ ಹೊರಬಂದ ಸಿ.ಡಿ.ಗಳಲ್ಲಿ ಎಲ್‌ಪಿಗೆ ಹಿಡಿಸದ ಉದ್ದದ ಗಾಯನಗಳಿವೆ, ಅವನ್ನು ಹುಡುಕಿ.

ಎರವಲು, ನಕಲು, ಹಕ್ಕು

ಪ್ಲೇಟು ಎರವಲು ಕೊಟ್ಟರೆ ನಿಲ್ಲಿಸಿ ಇಡಲು ಹೇಳಿ, ಒಂದರ ಮೇಲೊಂದು ಮಲಗಿಸಿದರೆ ಬಾಗುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಗಾಡಿಯ ಡಿಕ್ಕಿಯಲ್ಲಿ ಬಿಟ್ಟುಹೋದರೂ ಅಷ್ಟೇ.

ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ. ಕೊಂಡ ಆಲ್ಬಂ ಮನೆಯಲ್ಲಿ ಕೂಡಿ ಕೇಳುವುದು ಬೇರೆ, ಅದರ ಕಡತವನ್ನು ಎಲ್ಲರಿಗೂ ಹಂಚುವುದು ಬೇರೆ, ಎರಡನೆಯದು ಬೇಡ. ಇದಕ್ಕಿಂತ ಸೂಕ್ಷ್ಮವಾದದ್ದು ಖಾಸಗಿ ಬೈಠಕ್ಕುಗಳ ಟೇಪು. ಈ ಊರುಗಳಲ್ಲಿ ಎಷ್ಟೋ ಮನೆಯ ಟ್ರಂಕಿನಲ್ಲಿ ಅವಿವೆ, ಕಲಾವಿದರು ನಂಬಿಕೆಯ ಮೇಲೆ ಹಾಡಿದವು. ಇಟ್ಟುಕೊಂಡವರನ್ನೂ ಹಾಡಿದವರ ಮನೆಯವರನ್ನೂ ಕೇಳದೆ ಒಂದು ನಕಲೂ ತೆಗೆಯಬೇಡಿ. ಅವರು ಬೇಡ ಎಂದರೆ ಅವರ ಮನೆಗೇ ಹೋಗಿ ಕೂತು ಕೇಳಿಬರಬಹುದು.

ವಹಿ

ಗುಂಪಿಗೊಂದು ರೂಲ್ ಹಾಕಿದ ದಪ್ಪ ವಹಿ ಇರಲಿ, ಪ್ರತಿ ಬೈಠಕ್ಕಿಗೆ ಒಂದು ಪುಟ. ದಿನಾಂಕ, ಯಾರ ಮನೆ, ಆಲ್ಬಂ, ಹಾಡಿದವರು, ಸಾಥಿದಾರರು, ಯಾವ ಅಚ್ಚು, ಹೇಗೆ ಸಿಕ್ಕಿತು. ಕೆಳಗೆ ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಒಂದು ಸಾಲು, ನಿಮಿಷ-ಸೆಕೆಂಡು ಸಮೇತ. ಉಳಿದವರು ತಂದು ಮೂರು ನಿಮಿಷ ಕೇಳಿಸಿದ ಆಲ್ಬಮ್ಮುಗಳ ಹೆಸರನ್ನು ಪುಟದ ಹಿಂಬದಿಗೆ ಬರೆಯಿರಿ. ಮುಂದಿನ ತಿಂಗಳು ಪೂರ್ತಿ ಹಚ್ಚುವುದು ಯಾವುದು ಎಂಬುದನ್ನು ಆ ಪಟ್ಟಿಯಿಂದಲೇ, ಎದ್ದು ಹೋಗುವ ಮೊದಲೇ ಆರಿಸಿಕೊಳ್ಳಿ, ತಂದವರಿಗೆ ಮನೆಯಲ್ಲಿ ಮತ್ತೆ ಕೇಳಿ ಗುರುತು ಹುಡುಕಿಕೊಳ್ಳಲು ಒಂದು ತಿಂಗಳು ಸಿಗುತ್ತದೆ.